ಆ ನಂಬರಿಗೆ ನೀವೇ ಫೋನ್ ಮಾಡಿ ನೋಡಿದ್ರಾ?

ತುಮಕೂರಿನ ಒಂದು ಕಾಲೇಜಿನಲ್ಲಿ ಎನ್‌ಎಸ್‌ಎಸ್ ಮಕ್ಕಳ ಮುಂದೆ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದರು, ಅದಕ್ಕೇ ನೆನಪಿದ್ದಷ್ಟನ್ನು ಬರೆದಿದ್ದೇನೆ. ಹೊತ್ತಾಯಿತು ಅಂತ ಅಲ್ಲಿ ಬಿಟ್ಟ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವವಳು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಊರಿನ ಹಿರಿಯರಿಗೆ ಇನ್ನೂ ಅದು ಪೇಪರ್ ರೂಮೇ. ನನ್ನ ಕೈಯಲ್ಲಿರುವ ಈ ಪುಸ್ತಕ ನೋಡಿ. ಇದು ಲೈಬ್ರರಿಯ ಹಾಜರಿ ಪುಸ್ತಕ. 2021ರ ಏಪ್ರಿಲ್ ಮಧ್ಯದವರೆಗೆ ಇದರಲ್ಲಿ ಓದೋಕೆ ಬಂದವರ ಸಹಿ ಇದೆ. ಅಲ್ಲಿಂದಾಚೆಗೆ, ಕೋವಿಡ್ ಎರಡನೇ ಅಲೆ ಬಂದ ಮೇಲೆ, ಬರೀ ಫೋನ್ ನಂಬರು. ಬಹಳಷ್ಟು ನಂಬರಿನ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಇವತ್ತು ನಿಮಗೆ ಹೇಳಬೇಕು ಅಂತ ಬಂದಿರುವುದು ಆ ಅಡ್ಡಗೆರೆಗಳ ವಿಷಯ.

ನಿಮ್ಮಲ್ಲಿ ಎಷ್ಟೋ ಜನ ಆಗ ಹೈಸ್ಕೂಲಿನಲ್ಲಿ ಇದ್ದಿರಬೇಕು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್ ಅಂತ ಹಿಂದಿನ ದಿನ ಹೇಳಿದರು. ಬೆಂಗಳೂರಿನಲ್ಲಿ ದುಡಿಯಲು ಹೋಗಿದ್ದವರು ಗಂಟುಮೂಟೆ ಕಟ್ಟಿದರು. ತುಮಕೂರು ರಸ್ತೆಯಲ್ಲಿ ಗಾಡಿ ಮುಂದಕ್ಕೆ ಹೋಗದಷ್ಟು ಜನ. ಬಸ್ಸಿನಲ್ಲಿ, ಬೈಕಿನಲ್ಲಿ, ತರಕಾರಿ ಟೆಂಪೋದಲ್ಲಿ ನಮ್ಮೂರಿಗೂ ಬಂದಿಳಿದರು. ಬರಬಾರದಿತ್ತು ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಕೆಲಸ ಇಲ್ಲ, ಬಾಡಿಗೆ ಕಟ್ಟಬೇಕು, ಅಲ್ಲೇ ಇದ್ದು ಏನು ಮಾಡಬೇಕು ಹೇಳಿ? ಬಂದ ವಾರಕ್ಕೆ ಮನೆಮನೆಯಲ್ಲೂ ಜ್ವರ ಶುರುವಾಯಿತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಹೊಸ ಕೇಸು ಬಂತು. ಅದಕ್ಕೆ ಎರಡು ಮೂರು ದಿನ ಮೊದಲು ಚಾಮರಾಜನಗರದ ಸುದ್ದಿ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದಲ್ಲಿ 24 ಜನ ತೀರಿಕೊಂಡರು ಅಂತ ಟಿವಿಯಲ್ಲಿ ಬಂತು. ಅವತ್ತಿನಿಂದ ನಮ್ಮೂರಿನಲ್ಲಿ ಜನ ಕೇಳುವ ಪ್ರಶ್ನೆಯೇ ಬದಲಾಯಿತು. ಮೊದಲು ‘ಬೆಡ್ ಇದೆಯಾ’ ಅಂತಿದ್ದರು. ಆಮೇಲೆ ‘ಆಕ್ಸಿಜನ್ ಇದೆಯಾ’.

ಈಗ ನನ್ನ ತಪ್ಪು ಹೇಳುತ್ತೇನೆ. ಅದನ್ನು ಹೇಳದೆ ಮಿಕ್ಕಿದ್ದು ಹೇಳಿದರೆ ಅರ್ಥ ಆಗುವುದಿಲ್ಲ.

ಅದೇ ವಾರ ನಮ್ಮ ಬೀದಿಯ ಒಬ್ಬರಿಗೆ ಉಸಿರು ಕಟ್ಟೋಕೆ ಶುರುವಾಯಿತು. ಐವತ್ತರ ಆಸುಪಾಸಿನವರು, ಕೊಬ್ಬರಿ ಸುಲಿಯುವ ಕೆಲಸ, ಗಟ್ಟಿ ಆಳು. ರಾತ್ರಿ ಎಂಟರ ಹೊತ್ತಿಗೆ ಅವರ ಮಗಳು ನನ್ನ ಮನೆ ಬಾಗಿಲಿಗೆ ಬಂದು ‘ಅಕ್ಕಾ, ನಿಮ್ಮ ಗ್ರೂಪಲ್ಲಿ ಏನಾದ್ರೂ ಬಂದಿದೆಯಾ ನೋಡಿ’ ಅಂದಳು. ಬಂದಿತ್ತು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹತ್ತು ಆಕ್ಸಿಜನ್ ಬೆಡ್ ಖಾಲಿ ಇದೆ, ಕೂಡಲೇ ಸಂಪರ್ಕಿಸಿ ಅಂತ. ಕೆಳಗೆ ನಂಬರು. ನಾನು ಅದನ್ನು ಹಾಗೇ ಅವಳ ಫೋನಿಗೆ ಕಳಿಸಿದೆ. ಅವರು ಒಂದು ಓಮ್ನಿ ಮಾಡಿಕೊಂಡು 70 ಕಿಲೋಮೀಟರಿಗೂ ಜಾಸ್ತಿ ದೂರ ಹೋದರು. ದಾರಿಯುದ್ದಕ್ಕೂ ಆ ಹುಡುಗಿ ಆ ನಂಬರಿಗೆ ಮಾಡುತ್ತಲೇ ಇದ್ದಳಂತೆ, ಬರೀ ಎಂಗೇಜ್. ಗೇಟಿನ ಹತ್ತಿರ ಹೋದರೆ ಬೆಡ್ ಎಲ್ಲ ಹಿಂದಿನ ದಿನ ಬೆಳಗ್ಗೆಯೇ ಭರ್ತಿ. ಅಂದರೆ ನಾನು ಕಳಿಸಿದ ಮೆಸೇಜಿಗೆ ಒಂದೂವರೆ ದಿನ ವಯಸ್ಸಾಗಿತ್ತು. ಅವರು ಊರೆಲ್ಲ ಸುತ್ತಿ, ರಾತ್ರಿ ಎರಡೂವರೆಗೆ ಬೇರೆ ಕಡೆ ಜಾಗ ಸಿಕ್ಕಿ, ಹದಿನೇಳು ದಿನ ಅಲ್ಲಿದ್ದು ಬದುಕಿ ಬಂದರು. ಬದುಕಿದರಲ್ಲ ಅಂತ ಎಲ್ಲರೂ ನನಗೆ ಸಮಾಧಾನ ಹೇಳಿದರು. ಆದರೆ ಆ ಆರು ಗಂಟೆ ಅವರು ಓಮ್ನಿಯ ಹಿಂದಿನ ಸೀಟಿನಲ್ಲಿ ಏದುಸಿರು ಬಿಡುತ್ತಾ ಕೂತಿದ್ದು ನನ್ನಿಂದ. ಒಂದು ಫೋನ್ ಮಾಡಿ ನೋಡಿದ್ದರೆ ಸಾಕಿತ್ತು.

ಮಾರನೇ ದಿನ ಬೆಳಗ್ಗೆ ಹಾಜರಿ ಪುಸ್ತಕ ತೆಗೆದೆ. ಗೆರೆ ಹಾಕಿದೆ. ಯಾವುದರ ನಂಬರು, ಯಾರು ಫೋನ್ ತೆಗೆದರು, ಏನು ಹೇಳಿದರು, ಯಾವ ದಿನ, ಎಷ್ಟು ಗಂಟೆ. ಕೊನೆಯ ಆ ಎರಡು ಕಾಲಮ್ಮೇ ಮುಖ್ಯ. ನಂಬರು ಯಾರ ಹತ್ತಿರವೂ ಇರುತ್ತದೆ. ಅದು ಈಗಲೂ ಕೆಲಸಕ್ಕೆ ಬರುತ್ತದಾ ಅನ್ನುವುದು ಮಾಹಿತಿ. ಬೆಡ್ಡಿನ ವಿಷಯ ಎರಡು ಗಂಟೆಗೆ ಹಳತಾಗುತ್ತಿತ್ತು. ಸಿಲಿಂಡರಿನದು ಅರ್ಧ ದಿನ. ಊಟ ಕೊಡುವವರದು ಎರಡು ಮೂರು ದಿನ ನಡೆಯುತ್ತಿತ್ತು. ಆಂಬುಲೆನ್ಸ್ ಡ್ರೈವರಿನ ನಂಬರು ಮಾತ್ರ ವಾರಗಟ್ಟಲೆ ಹಾಗೇ ಇರುತ್ತಿತ್ತು, ಆದರೆ ಅವರು ಎಷ್ಟು ದುಡ್ಡು ಕೇಳುತ್ತಾರೆ ಅನ್ನುವುದು ದಿನಾ ಬದಲಾಗುತ್ತಿತ್ತು. ಹಾಗಾಗಿ ಎಲ್ಲ ನಂಬರಿಗೂ ದಿನಾ ಮಾಡುವ ಅಗತ್ಯ ಇಲ್ಲ, ಕೆಲವಕ್ಕೆ ದಿನಕ್ಕೆ ನಾಲ್ಕು ಸಲ ಮಾಡಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಅಡ್ಡಗೆರೆ ಎಳೆಯುತ್ತಾ ಎಳೆಯುತ್ತಾ ಗೊತ್ತಾಯಿತು. ಡಿಗ್ರಿ ಓದುತ್ತಿದ್ದ ಊರಿನ ನಾಲ್ಕು ಹುಡುಗ ಹುಡುಗಿಯರು ಸೇರಿಕೊಂಡರು. ಕಾಲೇಜು ಇರಲಿಲ್ಲ, ಕೈಯಲ್ಲಿ ಫೋನು ಇತ್ತು. ಮನೆಯಲ್ಲೇ ಕೂತು ಪಾಳಿಯ ಮೇಲೆ ಫೋನ್ ಮಾಡುತ್ತಿದ್ದರು. ಒಂದೇ ನಿಯಮ. ನೀನು ಮಾತಾಡದ ನಂಬರನ್ನು ಯಾರಿಗೂ ಕಳಿಸಬೇಡ.

ಇನ್ನೊಂದು ಕಲಿತೆವು. ಕೆಲವರ ನಂಬರನ್ನು ಹಂಚುವುದೇ ಅವರಿಗೆ ಮಾಡುವ ಅನ್ಯಾಯ. ಪಕ್ಕದ ತಾಲ್ಲೂಕಿನ ಒಬ್ಬರು ತಮ್ಮ ಖರ್ಚಿನಲ್ಲಿ ಹದಿನೈದು ಮನೆಗೆ ಊಟ ಕಳಿಸುತ್ತಿದ್ದರು. ಅವರ ನಂಬರು ಮೆಸೇಜಿನಲ್ಲಿ ಸೇರಿಕೊಂಡು, ಊರಿನ ಹೆಸರು ಬಿಟ್ಟುಹೋಗಿ, ಎಲ್ಲೆಲ್ಲಿಗೋ ಹೋಯಿತು. ಅವರಿಗೆ ರಾತ್ರಿ ಮೂರು ಗಂಟೆಗೂ ಫೋನು, ಗೊತ್ತಿಲ್ಲದ ಭಾಷೆಯಲ್ಲಿ ಅಳು. ಕೊನೆಗೆ ಆ ಸಿಮ್ಮನ್ನೇ ತೆಗೆದಿಟ್ಟರು. ಅದರಿಂದ ನಿಜವಾಗಿ ಬೇಕಿದ್ದ ಹದಿನೈದು ಮನೆಯವರಿಗೂ ಅವರು ಸಿಗದೆ ಹೋದರು. ನೀವು ಯಾರದಾದರೂ ನಂಬರು ಹಂಚುವ ಮುಂಚೆ ‘ಹಂಚಲಾ’ ಅಂತ ಅವರನ್ನು ಕೇಳಿ. ಊರು ಬರೆಯಿರಿ, ತಾರೀಕು ಬರೆಯಿರಿ, ಯಾವತ್ತಿನವರೆಗೆ ಅಂತಲೂ ಬರೆಯಿರಿ.

ಮೋಸವೂ ಇತ್ತು. ಸಿಲಿಂಡರ್ ಕಳಿಸುತ್ತೇವೆ, ಮೊದಲು ಅರ್ಧ ದುಡ್ಡು ಹಾಕಿ ಅಂತ ಹೇಳಿ, ಹಾಕಿದ ಮೇಲೆ ಫೋನ್ ತೆಗೆಯದವರು. ಕಷ್ಟದಲ್ಲಿರುವವರಿಂದ ಕಿತ್ತುಕೊಳ್ಳುವುದು ಎಂಥ ಕೆಲಸ ನೋಡಿ. ಅಂಥ ನಂಬರುಗಳನ್ನು ಕೆಂಪು ಪೆನ್ನಿನಲ್ಲಿ ಬೇರೆ ಪುಟದಲ್ಲಿ ಬರೆದಿಟ್ಟೆವು. ಒಳ್ಳೆಯ ನಂಬರಿನಷ್ಟೇ ಆ ಪುಟವೂ ಕೆಲಸಕ್ಕೆ ಬಂತು.

ಆದರೆ ನನಗೆ ಇವತ್ತಿಗೂ ತುಂಬಾ ಬೇಜಾರಾಗುವುದು ಬೇರೆ ವಿಷಯಕ್ಕೆ. ನಾವು ಹುಡುಕಲು ಓಡಾಡಿದ ಎಷ್ಟೋ ವಸ್ತುಗಳು ನಿಜವಾಗಿ ಬೇಕಾಗಿಯೇ ಇರಲಿಲ್ಲ. ರೆಮ್‌ಡೆಸಿವಿರ್ ಇಂಜೆಕ್ಷನ್ ನೆನಪಿದೆಯಾ? ಒಂದು ಬಾಟಲಿಗೆ ಜನ ಒಡವೆ ಅಡ ಇಟ್ಟರು. ಕೋವಿಡ್ ರೋಗಿಗಳಿಗೆ ಅದನ್ನು ಕೊಡುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಸಲಹೆ ಕೊಟ್ಟಿತ್ತು. ಆಮೇಲೆ ಆ ಸಲಹೆಯನ್ನು ಅವರು ಸ್ವಲ್ಪ ಬದಲಿಸಿದರು, ಅದು ಬೇರೆ. ಆ ಮೇ ತಿಂಗಳಿನಲ್ಲಿ ನಮ್ಮ ಪುಸ್ತಕದಲ್ಲಿ ಪ್ಲಾಸ್ಮಾ, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆಯುವ ದ್ರವ, ಕೊಡುವವರ ನಂಬರೇ ಎರಡು ಪುಟ ತುಂಬಿತ್ತು. ಮೇ 17ಕ್ಕೆ ಕೇಂದ್ರದವರು ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದಲೇ ತೆಗೆದುಹಾಕಿದರು. ಆ ಎರಡು ಪುಟಕ್ಕೆ ಸುರಿದ ಶ್ರಮವನ್ನು ಊರಿನಲ್ಲಿ ಯಾರಿಗೆ ಉಸಿರು ಕಮ್ಮಿ ಆಗುತ್ತಿದೆ ಅಂತ ನೋಡೋಕೆ ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲಿ ಸಿಗುತ್ತದೆ ಅಂತ ಕೇಳುವ ಮುಂಚೆ, ಇದು ಬೇಕಾ ಅಂತ ಕೇಳುವುದಕ್ಕೆ ಒಬ್ಬ ಡಾಕ್ಟರು ಫೋನಿನಲ್ಲಿ ಸಿಗಬೇಕು. ನಮಗೆ ನಮ್ಮ ಪಿಎಚ್‌ಸಿಯ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ, ಡಾಕ್ಟರು ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಸಿಗುತ್ತಿದ್ದರು. ಆ ಹತ್ತು ನಿಮಿಷದಿಂದ ಆದ ಉಪಕಾರ ದೊಡ್ಡದು.

ಹಳ್ಳಿಯಲ್ಲಿ ಮಾಹಿತಿ ಎಲ್ಲಿರುತ್ತದೆ? ಫೋನಿನಲ್ಲಿ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಅದು ಇದ್ದದ್ದು ಹಾಲಿನ ಡೈರಿಯಲ್ಲಿ. ಎಲ್ಲ ಬಂದ್ ಆದರೂ ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ ಅಲ್ವಾ. ಬೆಳಗ್ಗೆ ಸಂಜೆ ಮನೆಗೊಬ್ಬರು ಕ್ಯಾನ್ ಹಿಡಿದು ಬರಲೇಬೇಕು. ಯಾರ ಮನೆಯಿಂದ ಎರಡು ಹೊತ್ತು ಹಾಲು ಬರಲಿಲ್ಲವೋ ಆ ಮನೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ. ಡೈರಿ ಕಾರ್ಯದರ್ಶಿ ತಮ್ಮ ಪುಸ್ತಕ ನೋಡಿ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನಿಗೆ ಹೇಳುತ್ತಿದ್ದರು. ಒಂದು ಸಲ ಹೀಗೇ ತೋಟದ ಮನೆಯಲ್ಲಿದ್ದ ವಯಸ್ಸಾದ ಗಂಡ ಹೆಂಡತಿ ಇಬ್ಬರೂ ಮಲಗಿಬಿಟ್ಟಿದ್ದು ಗೊತ್ತಾಯಿತು. ಅವರ ಹತ್ತಿರ ಫೋನ್ ಇತ್ತು, ಕರೆನ್ಸಿ ಇರಲಿಲ್ಲ. ಅವರನ್ನು ಹುಡುಕಿಕೊಟ್ಟಿದ್ದು ಯಾವ ಆ್ಯಪೂ ಅಲ್ಲ, ಡೈರಿಯ ಪುಸ್ತಕದಲ್ಲಿ ಖಾಲಿ ಉಳಿದ ಎರಡು ಕಾಲಂ.

ಆಮೇಲೆ ನೀರುಗಂಟಿ. ನೀರು ಬಿಡೋಕೆ ದಿನಾ ಎಲ್ಲ ಬೀದಿಗೂ ಹೋಗುವವನು ಅವನೊಬ್ಬನೇ. ಯಾವ ನಲ್ಲಿಯ ಹತ್ತಿರ ಬಿಂದಿಗೆ ಬಂದಿಲ್ಲ ಅಂತ ಅವನಿಗೆ ಗೊತ್ತು. ರೇಷನ್ ಅಂಗಡಿಯವರಿಗೆ ಯಾವ ಮನೆಯಲ್ಲಿ ಎಷ್ಟು ಜನ ಅಂತ ಗೊತ್ತು. ಅಂಗನವಾಡಿ ಟೀಚರಿಗೆ ಯಾರು ಬಸುರಿ, ಯಾವ ಮನೆಯಲ್ಲಿ ಬಾಣಂತಿ ಅಂತ ಗೊತ್ತು. ಇವರೆಲ್ಲರನ್ನೂ ಒಟ್ಟಿಗೆ ಕೂರಿಸಬೇಕಾಗಿದ್ದದ್ದು ಗ್ರಾಮ ಪಂಚಾಯಿತಿಯ ಕಾರ್ಯಪಡೆ. ಕೆಲವು ಪಂಚಾಯಿತಿಯಲ್ಲಿ ಅದು ನಿಜವಾಗಿ ಕೂತಿತು, ಕೆಲವು ಕಡೆ ಕಾಗದದಲ್ಲೇ ಉಳಿಯಿತು. ವ್ಯತ್ಯಾಸ ದುಡ್ಡಿನದಲ್ಲ. ದಿನಾ ಸಂಜೆ ಹದಿನೈದು ನಿಮಿಷ ಮಾತಾಡಿದರಾ ಇಲ್ಲವಾ, ಅಷ್ಟೇ.

ಆಶಾ ಅಕ್ಕನ ವಿಷಯ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸುಮಾರು ಸಾವಿರ ಜನಕ್ಕೆ ಒಬ್ಬರು ಆಶಾ ಕಾರ್ಯಕರ್ತೆ. ಸಂಬಳ ಇಲ್ಲ, ಗೌರವಧನ. 2020ರ ಜುಲೈನಲ್ಲಿ, ಕೋವಿಡ್ ಮಧ್ಯದಲ್ಲೇ, ತಿಂಗಳಿಗೆ 12 ಸಾವಿರ ಕೊಡಿ ಅಂತ ಕೇಳಿ ಅವರು ಮುಷ್ಕರ ಮಾಡಬೇಕಾಯಿತು. ನಮ್ಮ ಆಶಾ ಅಕ್ಕನ ಹತ್ತಿರ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋಕೆ ಬೆರಳಿಗೆ ಹಾಕುವ ಮೀಟರು ಒಂದೇ ಒಂದು ಇತ್ತು, ಮೂರು ಊರಿಗೆ. ಅದನ್ನು ಒರೆಸಿ ಒರೆಸಿ ಮನೆಮನೆಗೆ ಒಯ್ಯುತ್ತಿದ್ದರು. ಅವರು ಹೇಳಿಕೊಟ್ಟಿದ್ದು ಇಷ್ಟು: ಕೈ ತಣ್ಣಗಿದ್ದರೆ ಉಜ್ಜಿಕೊಳ್ಳಿ, ಮೆಹಂದಿ ಅಥವಾ ನೈಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಿ, ಒಂದು ನಿಮಿಷ ಸುಮ್ನೆ ಕೂತು ನೋಡಿ. ಆಮೇಲೆ ಆರು ನಿಮಿಷ ನಡೆದು ಮತ್ತೆ ನೋಡಿ. 94ಕ್ಕಿಂತ ಕೆಳಗೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಇದನ್ನು ನಾವು ಕಸದ ಗಾಡಿಯ ಮೈಕಿನಲ್ಲಿ ಹಾಕಿಸಿದೆವು. ಸರ್ಕಾರದ ಭಾಷೆಯಲ್ಲಿ ಅಲ್ಲ, ಅಕ್ಕನ ದನಿಯಲ್ಲೇ, ನಮ್ಮ ಕಡೆ ಮಾತಿನಲ್ಲೇ. ಮೊದಲು ಬರುತ್ತಿದ್ದ ರೆಕಾರ್ಡಿಂಗ್ ಕೇಳಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಕ್ಕನ ದನಿ ಬಂದಾಗ ಜಗಲಿಗೆ ಬಂದು ನಿಂತು ಕೇಳಿದರು. ತಮ್ಮ ಮಕ್ಕಳಿಗೆ ಪೋಲಿಯೊ ಹನಿ ಹಾಕಿದ ಹೆಂಗಸು ಹೇಳುತ್ತಿದ್ದಾಳೆ ಅಂದರೆ ಅದಕ್ಕೊಂದು ತೂಕ ಇದೆ.

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಬೇಕು. ಜನ ಯಾಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು? 2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಪ್ರಕಟ ಮಾಡಿತ್ತು. ಕೈಗೆ ಸೀಲು, ಬಾಗಿಲಿಗೆ ಪೋಸ್ಟರು. ಮನೆಯಲ್ಲೇ ಇದ್ದೀನಿ ಅಂತ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಆ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಮನೆಗೆ ಹಾಲು ಹಾಕುವುದನ್ನು ನಿಲ್ಲಿಸಿದರು, ಬಾಡಿಗೆಯವರನ್ನು ಬಿಡಿಸಿದರು. ಅದನ್ನು ನೋಡಿದ ಜನ ಮರುವರ್ಷ ಜ್ವರ ಬಂದಾಗ ಹೇಳಿಕೊಳ್ಳುತ್ತಾರಾ? ಟೆಸ್ಟ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಗುಳಿಗೆ ನುಂಗಿ ಮಲಗಿದರು. ಎಲ್ಲಿ ಬೆಡ್ ಇದೆ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕಿತ್ತು, ಯಾರಿಗೆ ಕಾಯಿಲೆ ಅನ್ನುವುದು ನಾಲ್ಕು ಜನಕ್ಕೆ ಗೊತ್ತಾದರೆ ಸಾಕಿತ್ತು. ಆಗಿದ್ದು ಉಲ್ಟಾ. ಹಾಗಾಗಿ ನಮ್ಮ ಪುಸ್ತಕದಲ್ಲಿ ರೋಗಿಗಳ ಹೆಸರೇ ಇಲ್ಲ. ಇವತ್ತು ಇದನ್ನು ನಿಮ್ಮ ಕೈಗೆ ಕೊಟ್ಟು ನೋಡಿ ಅಂತ ಹೇಳುವ ಧೈರ್ಯ ನನಗೆ ಇರುವುದೂ ಅದರಿಂದಲೇ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ 108 ಇತ್ತು, ಬೆಡ್ ಕೇಳೋಕೆ 1912 ಇತ್ತು, ಅದೇ ಕರೆಂಟ್ ಹೋದಾಗ ಮಾಡುವ ನಂಬರು. ಸರ್ಕಾರದ ಕೋವಿಡ್ ಸಹಾಯವಾಣಿ ಆಪ್ತಮಿತ್ರದ 14410 ಇತ್ತು, ಬೆಡ್ ಹಂಚುವ ವಾರ್ ರೂಮುಗಳಿದ್ದವು. ಆದರೂ ಬೆಡ್ ಬೇಕು ಅಂದರೆ ಪಾಸಿಟಿವ್ ಬಂದವರಿಗೆ ಕೊಡುವ ಬಿಯು ನಂಬರು ಬೇಕು, ಅದು ಬರಬೇಕಾದರೆ ಟೆಸ್ಟ್ ರಿಪೋರ್ಟ್ ಬರಬೇಕು, ರಿಪೋರ್ಟ್ ಬರೋಕೆ ಮೂರು ನಾಲ್ಕು ದಿನ. ಆ ನಡುವೆ ಉಸಿರು ಕಾಯುತ್ತದಾ? ಅಲ್ಲಿದ್ದ ನಮ್ಮೂರಿನ ಹುಡುಗರು ಫೋನ್ ಮಾಡಿ ‘ಎಸ್‌ಆರ್‌ಎಫ್ ಐಡಿ ಅಂದ್ರೇನು ಅಕ್ಕಾ’ ಅಂತ ನನ್ನನ್ನು ಕೇಳುತ್ತಿದ್ದರು. ಅದು ಟೆಸ್ಟಿಗೆ ಕೊಟ್ಟಾಗ ಮೊಬೈಲಿಗೆ ಬರುವ ನಂಬರು, ಅದನ್ನು ಅಳಿಸಬೇಡಿ ಅಂತ ಹೇಳುವವರು ಒಬ್ಬರು ಬೇಕಿತ್ತು. ಆ ಮೆಸೇಜು ಇಂಗ್ಲಿಷಿನಲ್ಲಿ ಬರುತ್ತಿತ್ತು, ಕಂಪನಿಯವರ ಜಾಹೀರಾತು ಅಂದುಕೊಂಡು ಅಳಿಸಿದವರನ್ನು ನಾನೇ ಬಲ್ಲೆ. ಅದೇ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು, ನೀವು ನೆನಪಿಡಬೇಕಾದದ್ದು. ಬೆಡ್ ಬೇಕು, ಆಕ್ಸಿಜನ್ ಬೇಕು ಅಂತ ಜನ ಸೋಶಿಯಲ್ ಮೀಡಿಯಾದಲ್ಲಿ ಕೇಳಿಕೊಂಡರೆ ಅವರ ಮೇಲೆ ಕ್ರಮ ತೆಗೆದುಕೊಳ್ಳಬಾರದು ಅಂತ. ಕೇಳುವುದು ಅಪರಾಧ ಅಲ್ಲ. ಹೆದರಬೇಡಿ.

ಲಸಿಕೆಯ ಹೊತ್ತಿಗೂ ಇದೇ ಆಯಿತು. ಮೇ 1ರಿಂದ 18 ವರ್ಷ ಮೇಲ್ಪಟ್ಟವರಿಗೆ ಅಂತ ಹೇಳಿದರು, ಆದರೆ ಕೋವಿನ್ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಬರೆಸಿದವರಿಗೆ ಮಾತ್ರ. ಕನ್ನಡದಲ್ಲಿ ಅದು ಬಂದಿದ್ದು ಜೂನ್‌ನಲ್ಲಿ. ಸ್ಲಾಟು ತೆರೆದ ಎರಡು ನಿಮಿಷಕ್ಕೆ ಭರ್ತಿ. ಹಳ್ಳಿಯ ಪಿಎಚ್‌ಸಿಯಲ್ಲಿ ಸ್ಲಾಟ್ ಹಿಡಿದು ಬೆಂಗಳೂರಿನಿಂದ ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದರು, ಅದೇ ಪಿಎಚ್‌ಸಿಯ ಪಕ್ಕದ ಮನೆಯವರಿಗೆ ಸಿಗಲಿಲ್ಲ. ಮೇ ಕೊನೆಯ ವಾರದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ಬರೆಸಬಹುದು ಅಂತ ಬದಲಾಯಿತು. ಅದು ಊರಿಗೆ ಗೊತ್ತಾಗೋಕೆ ಇನ್ನೂ ಹತ್ತು ದಿನ ಹಿಡಿಯಿತು. ಗೊತ್ತಾದ ದಿನ ನಾವು ತಮಟೆ ಹೊಡೆಸಿ ಸಾರಿಸಿದೆವು, ಹಿಂದೆ ಡಂಗುರ ಸಾರುತ್ತಿದ್ದರಲ್ಲ, ಹಾಗೆ. ಹೆದರಿಕೆ ಇನ್ನೂ ಇತ್ತು, ಚುಚ್ಚಿಸಿಕೊಂಡರೆ ಮಕ್ಕಳಾಗುವುದಿಲ್ಲ ಅಂತೆಲ್ಲ. ಆಶಾ ಅಕ್ಕ ತಮ್ಮ ಮಗಳನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಅದಕ್ಕಿಂತ ದೊಡ್ಡ ಭಾಷಣ ಬೇಕಾಗಲಿಲ್ಲ.

ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಎಷ್ಟೋ ವರ್ಷ ನಮ್ಮ ಕಡೆಯ ಊರುಗಳಲ್ಲೂ ಸುತ್ತಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಅವತ್ತೇ ಪಾತ್ರೆ ಪಡಗ ಎತ್ತಿಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಫೋನಿಲ್ಲ, ಪೇಪರಿಲ್ಲ. ಆದರೆ ಯಾವುದನ್ನು ನೋಡಬೇಕು, ನೋಡಿದ ಕೂಡಲೇ ಏನು ಮಾಡಬೇಕು ಅಂತ ಮಕ್ಕಳಿಗೂ ಗೊತ್ತಿತ್ತು. ನಮಗೆ 2021ರಲ್ಲಿ ಸಾವಿರ ಮೆಸೇಜು ಬಂದವು, ಯಾವುದನ್ನು ನೋಡಬೇಕು ಅಂತ ಗೊತ್ತಾಗೋಕೆ ತಿಂಗಳು ಬೇಕಾಯಿತು.

ಮಾತು ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು. ‘ಮೇಡಂ, ಈಗ ಕೋವಿಡ್ ಇಲ್ಲ. ಆ ಪುಸ್ತಕ ಏನು ಮಾಡ್ತೀರಿ?’

ಪುಸ್ತಕ ನಡೆಯುತ್ತಾ ಇದೆಯಮ್ಮ. ಹಾವು ಕಚ್ಚಿದರೆ ಔಷಧಿ ಯಾವ ಆಸ್ಪತ್ರೆಯಲ್ಲಿ ಸ್ಟಾಕ್ ಇದೆ, ನಾಯಿ ಕಚ್ಚಿದ್ದಕ್ಕೆ ಚುಚ್ಚುಮದ್ದು ಎಲ್ಲಿ ಸಿಗುತ್ತದೆ, ರಾತ್ರಿ ಹೊತ್ತು ಬರುವ ಗಾಡಿಯವರು ಯಾರು, ಯಾವ ಗುಂಪಿನ ರಕ್ತ ಯಾರದು. ರಕ್ತ ಕೊಡುವವರ ಹೆಸರು ಅವರು ಒಪ್ಪಿದ ಮೇಲೆಯೇ ಬರೆದಿದ್ದು. ಹೋದ ತಿಂಗಳು ಹಾವಿನ ಔಷಧಿಯ ಮೂರು ನಂಬರಿನಲ್ಲಿ ಎರಡಕ್ಕೆ ಅಡ್ಡಗೆರೆ ಬಿತ್ತು. ಒಂದು ಕಡೆ ಸ್ಟಾಕ್ ಇರಲಿಲ್ಲ, ಇನ್ನೊಂದು ನಂಬರು ನಿವೃತ್ತಿ ಆದವರದು. ಮಳೆ ಶುರುವಾಗುವ ಮುಂಚೆ ಅದು ಗೊತ್ತಾಗಿದ್ದು ಒಳ್ಳೆಯದಾಯಿತು. ತಿಂಗಳ ಮೊದಲನೇ ಶನಿವಾರ ಸಂಜೆ ನಾಲ್ಕಕ್ಕೆ ಲೈಬ್ರರಿಯಲ್ಲಿ ಕೂತು ಎಲ್ಲ ನಂಬರಿಗೂ ಒಂದು ಸುತ್ತು ಫೋನ್ ಮಾಡುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಬರುವ ಮನಸ್ಸಿದ್ದರೆ ತಿಪಟೂರಿನ ಬಸ್ ಹತ್ತಿ, ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಕೆಂಪು ಪೆನ್ನು ನಮ್ಮ ಹತ್ತಿರ ಇದೆ.